ಮುಕ್ತ ತಂತ್ರಾಂಶವೂ ಒಂದು ಶಬ್ದಸಂಗ್ರಹವೂ

ಬಿತ್ತಿಗೆಯ ಹಂಗಾಮಿನಲ್ಲಿ ಕೂರಿಗೆಯ ತಾಳು ಮುರಿದರೆ ಒಕ್ಕಲಿಗನು ಅದನ್ನು ಬಡಿಗನ ಮನೆಗೆ ಒಯ್ಯುವನು. ಬಡಿಗನು ಅದನ್ನು ತಿರುವಿ ಮುರುವಿ ನೋಡಿ, ಎಲ್ಲಿ ಸಡಿಲಿದೆ, ಎಲ್ಲಿ ಸೀಳಿದೆ ಎಂಬದನ್ನು ಕಂಡುಕೊಂಡು ನೆಟ್ಟಗೆ ಮಾಡಿಕೊಡುವನು. ಅವನು ಊರಲ್ಲಿಲ್ಲದಿದ್ದರೆ ನೆರೆಯೂರಿನವನು ಮಾಡಿಯಾನು. ಕೈಚಳಕವುಳ್ಳ ಒಕ್ಕಲಿಗನು ತಾನೇ ಮಾಡಿಕೊಂಡರೂ ಬೇಡವೆನ್ನುವವರಿಲ್ಲ. ಕೂರಿಗೆಯಲ್ಲಿ ಮುಚ್ಚಿಟ್ಟ ಗುಟ್ಟೆಂಬದು ಯಾವದೂ ಇಲ್ಲ. ಆದರೆ ಈಚೆಗೆ ಮನೆಮನೆಗೂ ಬಂದಿರುವ ಗಣಕಯಂತ್ರದ ಸಂಗತಿಯು ಹಾಗಲ್ಲ. ಅದರ ಕಬ್ಬಿಣ ತಂತಿಗಳಿಗೂ ಬರೆಯುವವನ ಬೆರಳಿಗೂ ನಡುವೆ ನಿಂತು, ಸಕಲ ವ್ಯವಹಾರವನ್ನೂ ನಡೆಯಿಸುವ ಆಪರೇಟಿಂಗ್ ಸಿಸ್ಟಿಮ್ ಎಂಬ ಕಾರ್ಯವ್ಯವಸ್ಥೆಯು ಬಹುತರವಾಗಿ ಮುಚ್ಚಿದ ಪೆಟ್ಟಿಗೆಯೇ ಸರಿ. ಹಣ ಕೊಟ್ಟು ಕೊಂಡವನಿಗೂ ಅದರ ಒಳಗನ್ನು ನೋಡುವ ಅಧಿಕಾರವಿರುವದಿಲ್ಲ. ಇದರಿಂದ ಒಬ್ಬ ಹಿರಿಯರಿಗೆ ಒದಗಿದ ಸಂಕಟವನ್ನೂ, ಅದರಿಂದ ಅವರು ಪಾರಾದ ಬಗೆಯನ್ನೂ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವಾಗಿದೆ.

ನವಲಗುಂದ ತಾಲೂಕಿನ ಎರೆಭೂಮಿಯ ಒಂದು ಹಳ್ಳಿಯಲ್ಲಿ ಒಬ್ಬ ವೃದ್ಧ ಗೃಹಸ್ಥರಿರುವರು. ಚಿಕ್ಕಂದಿನಲ್ಲಿ ಅವರು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಅಮರವನ್ನೂ ಲಘುಕೌಮುದಿಯನ್ನೂ ಓದಿದರು. ತಂದೆಯವರು ತೀರಿಕೊಂಡ ಬಳಿಕ ಓದನ್ನು ಬಿಟ್ಟು ಮನೆಯ ಹೊಲಕ್ಕೆ ನಿಂತರು. ಹೀಗೆ ಒಂದು ಕೈಯಲ್ಲಿ ವ್ಯಾಕರಣವೂ ಇನ್ನೊಂದು ಕೈಯಲ್ಲಿ ಮೇಳಿಯೂ ಇದ್ದುದರಿಂದ ಒಕ್ಕಲುತನದ ಮಾತುಗಳನ್ನು ಕೂಡಿಹಾಕುವ ಹವ್ಯಾಸವು ಅವರಿಗೆ ಹತ್ತಿತು. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕೋಶವನ್ನು ಮಗ್ಗುಲಲ್ಲಿಟ್ಟುಕೊಂಡು, ಕೂರಿಗೆ, ಕುಂಟೆ, ರಂಟೆ, ಮಿಣಿ, ಬಾರಕೋಲು, ಹಗೇವುಗಳಿಗೆ ಸಂಬಂಧಿಸಿದ ಶಬ್ದಗಳನ್ನು ಅವರು ಊರೂರು ತಿರುಗಿ ಕೇಳಿ ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದರು. 2009ರಲ್ಲಿ ಮಗನು ಗಣಕಯಂತ್ರವನ್ನು ತಂದುಕೊಟ್ಟ ಮೇಲೆ ಹನ್ನೆರಡು ವರ್ಷ ದಿನಾಲು ಬೆಳಿಗ್ಗೆ ಕುಳಿತು, ಮೂರು ಸಾವಿರದಷ್ಟು ಶಬ್ದಗಳನ್ನು ಅರ್ಥವಿವರಣೆಯೊಡನೆ ಅದರಲ್ಲಿ ತುಂಬಿದರು. ಚೀಟಿಗಳನ್ನು ಗೆದ್ದಲು ತಿಂದುಹೋಯಿತು. ಮಾತು ಹೇಳಿದ ಮುದುಕರಲ್ಲಿ ಅನೇಕರು ತೀರಿಕೊಂಡರು. ಕೌದಿಯ ಹೊಲಿಗೆ, ಮಕ್ಕಳ ಕುಂಚಿಗೆ, ಬೀಸುಗಲ್ಲುಗಳ ಮಾತುಗಳನ್ನು ಹೇಳಿಕೊಟ್ಟ ಅವರ ಧರ್ಮಪತ್ನಿಯವರು 2019ರಲ್ಲಿ ಕಾಲವಾದರು. ಕಟ್ಟಿಗೆಯ ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರಿನದು ಬಂದಿತು. ಆದ್ದರಿಂದ ಆ ಸಂಗ್ರಹವನ್ನು ಮತ್ತೊಮ್ಮೆ ಮಾಡುವದು ಯಾರಿಂದಲೂ ಸಾಧ್ಯವಿದ್ದಿಲ್ಲ.

ಹೀಗಿರಲು 2022ರಲ್ಲಿ ಯಂತ್ರವು ಮುಷ್ಕರ ಹೂಡಿತು. ಗುಂಡಿಯನ್ನು ಒತ್ತಿ ಸ್ನಾನ ಸಂಧ್ಯೆಗಳನ್ನು ಮುಗಿಸಿ ಬಂದರೂ ಅದು ಎಚ್ಚರಗೊಳ್ಳದು. ಅಂಗಡಿಯವನು ನೋಡಿ, ಅದರೊಳಗಿನ ಕಾರ್ಯವ್ಯವಸ್ಥೆಯು ಹಳೆಯದಾಯಿತೆಂದೂ, ಹೊಸದನ್ನು ಹಾಕಿದರೆ ಈ ಯಂತ್ರವು ಅದರ ಭಾರವನ್ನು ಹೊರಲಾರದೆಂದೂ, ಹೊಸ ಯಂತ್ರವನ್ನೇ ಕೊಳ್ಳಬೇಕೆಂದೂ ಹೇಳಿದನು. ಕಡತಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಬಂದು ನೆರೆಮನೆಯವರ ಹೊಸ ಯಂತ್ರದಲ್ಲಿ ತೆರೆದು ನೋಡಿದರೆ ಕನ್ನಡವೇ ಕಾಣಲಿಲ್ಲ. ರೋಮನ್ ಅಕ್ಷರಗಳೂ, ಕೊಂಬು ಚುಕ್ಕೆಗಳುಳ್ಳ ಪರದೇಶದ ಅಕ್ಷರಗಳೂ ಪುಟಗಟ್ಟಲೆ ಚೆಲ್ಲಿಕೊಂಡಿದ್ದವು. ಹಿರಿಯರು ಮಾತಾಡದೆ ಮನೆಗೆ ಬಂದು ಆ ದಿನ ಊಟವನ್ನೂ ಮಾಡಲಿಲ್ಲವೆಂದು ಮನೆಯವರು ಹೇಳುವರು.

ಇದರ ಕಾರಣವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಿಂದಿನ ಕನ್ನಡ ಲಿಪಿತಂತ್ರಗಳಲ್ಲಿ ಅನೇಕವು ಕನ್ನಡವನ್ನು ಕನ್ನಡವೆಂದು ಕೂಡಿಡುತ್ತಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕುಳ್ಳಿರಿಸಿ, ಬಯಲಾಟದ ಪಾತ್ರಧಾರಿಗೆ ವೇಷ ತೊಡಿಸಿದಂತೆ, ಫಾಂಟೆಂಬ ವೇಷದಿಂದ ಅವನ್ನು ಕನ್ನಡವಾಗಿ ತೋರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಒಳಗಿನ ರೋಮನ್ ಅಕ್ಷರವೇ ಹೊರಬೀಳುವದು. 1991ರಲ್ಲಿ ಹೊರಟ ಯೂನಿಕೋಡ್ ಎಂಬ ಸರ್ವಲಿಪಿಗಳ ಕೋಷ್ಟಕದಲ್ಲಿ ಕನ್ನಡಕ್ಕೆ ಅದರದೇ ಆದ 128 ಸ್ಥಾನಗಳ ಕೇರಿಯು ದೊರೆತಿದೆ. ಆದರೆ ಅದು ಬಳಕೆಗೆ ಬರುವಷ್ಟರಲ್ಲಿ ಬಹು ಜನರ ಬರವಣಿಗೆಯು ಹಳೆಯ ವೇಷದಲ್ಲಿಯೇ ಸಿಕ್ಕಿಬಿದ್ದಿತ್ತು.

ನವರಾತ್ರಿಯ ರಜೆಗೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗನು ಬಂದನು. ಯಂತ್ರವನ್ನು ಬಿಚ್ಚಿ ಧೂಳು ಝಾಡಿಸಿ, “ಅಜ್ಜಾ, ಯಂತ್ರ ಛಲೋ ಐತಿ. ಒಳಗಿನ ವ್ಯವಸ್ಥಾ ಅಷ್ಟ ಮುದುಕಾಗೈತಿ. ಬ್ಯಾರೇದು ಹಾಕೂಣು, ರೊಕ್ಕ ಬ್ಯಾಡ,” ಎಂದನು.

“ರೊಕ್ಕ ಇಲ್ದ ಕೊಡವರು ಯಾರಪಾ? ಅದರಾಗ ಏನರ ಹುಳುಕು ಇರಬೇಕು,” ಎಂದರು ಹಿರಿಯರು.

“ಹುಳುಕು ಐತೋ ಇಲ್ಲೋ ಒಳಗ ತಗದು ನೋಡಬಹುದಲ್ಲಜ್ಜಾ. ಅದ ಅದರ ವೈಶಿಷ್ಟ್ಯ.”

ಮೊಮ್ಮಗನು ಹೇಳಿದ ಇತಿಹಾಸವು ಹೀಗಿದೆ. ಅಮೇರಿಕೆಯ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿಯ ಮುದ್ರಣಯಂತ್ರದಲ್ಲಿ ಕಾಗದ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿದ್ದುದರಿಂದ, ಅದನ್ನು ನಡೆಯಿಸುವ ತಂತ್ರಾಂಶದ ಮೂಲಪಾಠವನ್ನು ಕೊಟ್ಟರೆ ತಾವು ಸುಧಾರಿಸಿಕೊಳ್ಳುವೆವೆಂದು ಅವರು ಬಲ್ಲವರೊಬ್ಬರನ್ನು ಕೇಳಿದರು. ಕೊಡುವದಿಲ್ಲವೆಂದು ಕರಾರು ಬರೆದುಕೊಟ್ಟಿರುವೆನೆಂದು ಅವರು ನಿರಾಕರಿಸಿದರು. ವಿದ್ಯೆಯನ್ನು ನೆರೆಯವನಿಗೆ ಕೊಡದಂತೆ ಮಾಡುವ ಈ ಕಟ್ಟು ಸ್ಟಾಲ್‌ಮನ್ನರ ಮನಸ್ಸಿಗೆ ಬಹಳ ನಟ್ಟಿತು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಕಟ್ಟುವದಾಗಿ ಸಾರಿದರು. ಯಾವ ಉದ್ದೇಶಕ್ಕಾದರೂ ನಡೆಯಿಸುವದು, ಮೂಲವನ್ನು ಓದಿ ತಿದ್ದಿಕೊಳ್ಳುವದು, ಪ್ರತಿಮಾಡಿ ಹಂಚುವದು, ತಿದ್ದಿದ್ದನ್ನೂ ಹಂಚುವದು ಎಂಬೀ ನಾಲ್ಕು ಸ್ವಾತಂತ್ರ್ಯಗಳೇ ಅದರ ತಳಹದಿ. 1991ರಲ್ಲಿ ಫಿನ್‌ಲಂಡದ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿಯು ಲಿನಕ್ಸ್ ಎಂಬ ಒಳತಿರುಳನ್ನು ರಚಿಸಿದನು. ಮರುವರ್ಷ ಅದನ್ನು ಗ್ನೂ ಸನ್ನದಿನಡಿಯಲ್ಲಿಯೇ ಎಲ್ಲರಿಗೂ ಬಿಟ್ಟುಕೊಟ್ಟನು. ಇವೆರಡೂ ಕೂಡಿದ್ದೇ ಗ್ನೂ ಲಿನಕ್ಸ್. ಅದನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಹಂಚುವವರು ಹಲವರುಂಟು. 1993ರಲ್ಲಿ ಆರಂಭವಾದ ಡೆಬಿಯನ್ ಅವುಗಳಲ್ಲೊಂದು. ನಮ್ಮ ದೇಶದ ಸರಕಾರದ ಸಿ-ಡಾಕ್ ಸಂಸ್ಥೆಯು 2007ರಲ್ಲಿ ಹೊರಡಿಸಿದ ಬಾಸ್ ಎಂಬ ವ್ಯವಸ್ಥೆಯು ಈ ಡೆಬಿಯನ್ನಿನ ಆಧಾರದಿಂದಲೇ ಬೆಳೆದದ್ದು. ಕೇರಳದ ಸರಕಾರಿ ಶಾಲೆಗಳ ಲಕ್ಷಾವಧಿ ಮಕ್ಕಳು ಗಣಕವಿದ್ಯೆಯನ್ನು ಕಲಿಯುವದು ಇಂಥ ಮುಕ್ತ ವ್ಯವಸ್ಥೆಯ ಮೇಲೆಯೇ.

ಇದನ್ನೆಲ್ಲ ಕೇಳಿದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದು ಕೌಮುದಿ ಕತೀನ,” ಎಂದರು. ಪಾಣಿನಿಯು ಸುಮಾರು 4,000 ಸೂತ್ರಗಳನ್ನು ರಚಿಸಿದನು. ಕಾತ್ಯಾಯನನು ಅವುಗಳಲ್ಲಿಯ ಕೊರತೆಗಳನ್ನು ತೋರಿಸಿ ವಾರ್ತಿಕಗಳನ್ನು ಬರೆದನು. ಪತಂಜಲಿಯು ಎರಡನ್ನೂ ವಿಚಾರಿಸಿ ಮಹಾಭಾಷ್ಯವನ್ನು ರಚಿಸಿದನು. ಬಹು ಶತಮಾನಗಳ ಮೇಲೆ ಭಟ್ಟೋಜಿ ದೀಕ್ಷಿತನು ಅವೇ ಸೂತ್ರಗಳನ್ನು ವಿಷಯಾನುಸಾರವಾಗಿ ಬೇರೆ ಕ್ರಮದಲ್ಲಿ ಜೋಡಿಸಿದನು. ಅವನ ಶಿಷ್ಯ ವರದರಾಜನು ಬಾಲಕರಿಗಾಗಿ ಅದನ್ನು ಸಂಕ್ಷೇಪಿಸಿದನು. ಮೂಲವನ್ನು ಯಾರೂ ಮುಚ್ಚಲಿಲ್ಲ. ತಿದ್ದಿದವನನ್ನು ಯಾರೂ ಕಳ್ಳನೆನ್ನಲಿಲ್ಲ. ಹಿರಿಯರ ಸಂದೇಹವು ಆ ದಿನವೇ ಅಳಿಯಿತು.

ಆದರೆ ಸಂದೇಹವು ಅಳಿದ ಮಾತ್ರಕ್ಕೆ ವಿದ್ಯೆಯು ಬರುವದಿಲ್ಲ. ಡೆಬಿಯನ್ನನ್ನು ಹಾಕಿದ ಮೇಲೆ ಹಳೆಯ ಯಂತ್ರವು ಎಳೆಯ ಹೋರಿಯಂತೆ ಎದ್ದು ನಿಂತಿತೇನೋ ನಿಜ. ಹಿರಿಯರು ಮಾತ್ರ ಮತ್ತೆ ಒಂದನೆಯ ಇಯತ್ತೆಯ ವಿದ್ಯಾರ್ಥಿಯಾದರು. ಟರ್ಮಿನಲ್ ಎಂಬ ಕಪ್ಪು ಹಲಗೆಯಲ್ಲಿ ಗುಪ್ತಪದವನ್ನು ಬರೆದರೆ ಒಂದು ಚುಕ್ಕೆಯೂ ಮೂಡದು. ಕೀಲಿಗಳು ಕೆಟ್ಟವೆಂದು ಅವರು ಅದನ್ನು ನಾಲ್ಕಾರು ಸಲ ಬರೆದರು. ಬೆನ್ನ ಹಿಂದೆ ನಿಂತವನಿಗೆ ಅಕ್ಷರಗಳ ಎಣಿಕೆಯೂ ತಿಳಿಯಬಾರದೆಂದು ಹಾಗೆ ಮಾಡಿರುವರೆಂಬದು ತರುವಾಯ ತಿಳಿಯಿತು. ಎಲ್‌ಎಸ್ ಎಂದರೆ ಪಟ್ಟಿಮಾಡು, ಸಿಪಿ ಎಂದರೆ ಪ್ರತಿಮಾಡು, ಎಂವಿ ಎಂದರೆ ಸ್ಥಳ ಬದಲಿಸು ಎಂದು ಅವರು ಧಾತುಪಾಠದಂತೆ ನೋಟುಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದರು. ಆರ್‌ಎಂ ಎಂಬ ಅಳಿಸುವ ಆಜ್ಞೆಯು ಮರುಪ್ರಶ್ನೆಯಿಲ್ಲದೆ ಅಳಿಸಿಬಿಡುವದೆಂಬದನ್ನು ಮಾತ್ರ ಅನುಭವದಿಂದ ಕಲಿತರು: ಒಂದು ಮಧ್ಯಾಹ್ನ ಕ ಅಕ್ಷರದ ಶಬ್ದಗಳೆಲ್ಲ ಹೋದವು. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದ್ದುದು ಪುಣ್ಯವೆನ್ನಬೇಕು. ಅಂದಿನಿಂದ ಅವರು ಯಾವ ಕಡತವನ್ನೂ ಮೂರು ಕಡೆ ಇಡದೆ ಮಲಗಿದ್ದಿಲ್ಲ.

ಕನ್ನಡದ ಬರವಣಿಗೆಗೆ ತೊಡಕಾಗಲಿಲ್ಲ. ಕೆ. ಪಿ. ರಾಯರು ಯೋಜಿಸಿದ ಕೀಲಿವಿನ್ಯಾಸವು ಈ ವ್ಯವಸ್ಥೆಯಲ್ಲಿಯೂ ಇರುವದು. ಎಫ್ ಕೀಲಿಯಿಂದ ಒತ್ತಕ್ಷರ ಮಾಡುವ ರೂಢಿಯು ಬೆರಳಿಗೆ ಮೊದಲೇ ಇದ್ದಿತು. ಮುಕ್ತ ಸನ್ನದಿನ ಫಾಂಟುಗಳೂ ಪುಕ್ಕಟೆಯಾಗಿ ಬಂದವು. ಅವುಗಳಲ್ಲಿ ಎರಡರ ಹೆಸರು ಗುಬ್ಬಿ, ನವಿಲು ಎಂಬದನ್ನು ಕೇಳಿ ಹಿರಿಯರು ಮಗುವಿನಂತೆ ನಕ್ಕರು.

ಇನ್ನುಳಿದದ್ದು ಹಳೆಯ ಕಡತಗಳ ಉದ್ಧಾರ. ಹಳೆಯ ಆಕೃತಿಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಒಂದು ಮುಕ್ತ ತಂತ್ರಾಂಶವನ್ನು ಮೊಮ್ಮಗನು ತಂದನು. ನಡೆಯಿಸಿದ ಕ್ಷಣದಲ್ಲಿಯೇ ಪುಟಪುಟಗಳು ಕನ್ನಡವಾದವು. ಆದರೆ ಹಿರಿಯರ ಕಣ್ಣು ಒಂದು ಕಡೆ ತಡೆಯಿತು. ಎತ್ತಿನ ‘ಸಾಮರ್ಥ್ಯ’ವು ‘ಸಾಮಥರ್ಯ’ವಾಗಿತ್ತು, ‘ಅರ್ಘ್ಯ’ವು ‘ಅಘರ್ಯ’ವಾಗಿತ್ತು. ‘ವರ್ಷ’, ‘ದೀರ್ಘ’ಗಳು ಮಾತ್ರ ಸರಿಯಾಗಿದ್ದವು. ಮೊಮ್ಮಗನಿಗೆ ಇದರ ಹದ ಸಿಗಲಿಲ್ಲ. ಹಿರಿಯರು ವಿಚಾರಿಸಿ ಹೇಳಿದರು: ಕನ್ನಡದಲ್ಲಿ ಅರ್ಕಾವತ್ತಿನ ರೇಫವು ನಾಲಿಗೆಗೆ ಮೊದಲು ಬರುವದು, ಬರಹದಲ್ಲಿ ಕೊನೆಗೆ ಕೂಡುವದು. ಹಳೆಯ ಕಡತವು ಕಣ್ಣಿನ ಕ್ರಮದಲ್ಲಿದೆ. ಯೂನಿಕೋಡ್ ನಾಲಿಗೆಯ ಕ್ರಮದಲ್ಲಿದೆ. ತಂತ್ರಾಂಶವು ರೇಫವನ್ನು ಒಂದೇ ಹೆಜ್ಜೆ ಹಿಂದಕ್ಕೆ ಒಯ್ಯುತ್ತಲಿದೆ; ನಡುವೆ ಒತ್ತಕ್ಷರ ಬಂದರೆ ಅದನ್ನೂ ದಾಟಿಸಿ ಸಂಯುಕ್ತದ ತಲೆಗೆ ಮುಟ್ಟಿಸಬೇಕು.

ಮೂಲಪಾಠವು ಮುಕ್ತವಾಗಿದ್ದುದರಿಂದ ಮೊಮ್ಮಗನು ಅದನ್ನು ತೆರೆದು ಆ ನಿಯಮದ ಪಂಕ್ತಿಯನ್ನು ಹುಡುಕಿ, ಅಜ್ಜನು ಹೇಳಿದಂತೆ ತಿದ್ದಿದನು. ಮರಳಿ ನಡೆಯಿಸಿದಾಗ ಸಾಮರ್ಥ್ಯವು ಸಾಮರ್ಥ್ಯವಾಯಿತು. ತಿದ್ದುಪಡಿಯನ್ನು ಕರ್ತೃಗಳಿಗೆ ಕಳಿಸಲಾಗಿ ಅವರು ಅದನ್ನು ಮೂಲದಲ್ಲಿಯೇ ಸೇರಿಸಿಕೊಂಡರು. ಐವತ್ತು ವರ್ಷ ಯಾವ ಉಪಯೋಗಕ್ಕೂ ಬಾರದೆಂದು ಮನೆಯವರು ನಗೆಯಾಡುತ್ತಿದ್ದ ವ್ಯಾಕರಣವು ಹೀಗೆ ಮುಖ ಕಾಣದ ಎಷ್ಟೋ ಜನರ ಕಡತಗಳಿಗೆ ಉಪಯುಕ್ತವಾಯಿತು. ಪೆಟ್ಟಿಗೆಯು ಮುಚ್ಚಿದ್ದರೆ ಎಂಜಿನಿಯರನೂ ಹೊರಗೆ, ವೈಯಾಕರಣಿಯೂ ಹೊರಗೆ; ತೆರೆದಿದ್ದುದರಿಂದ ಇಬ್ಬರಿಗೂ ಒಳಗೆ ಕೆಲಸ ದೊರೆಯಿತು.

ಹಾಗೆಂದು ಗುಟ್ಟನ್ನು ಕಾಯ್ದವರನ್ನೆಲ್ಲ ದೂಷಿಸುವದು ನ್ಯಾಯವಲ್ಲ. ಆ ಹಿರಿಯರ ತಾಲೂಕಿನ ನವಲಗುಂದದ ಜಮಖಾನೆಯು ನಾಡಿನಲ್ಲೆಲ್ಲ ಪ್ರಸಿದ್ಧವಾದದ್ದು. ನೇಯುವ ಮನೆತನದವರು ತಮ್ಮ ಹೆಣ್ಣುಮಕ್ಕಳಿಗೂ ಆ ಕಸಬನ್ನು ಕಲಿಸುತ್ತಿರಲಿಲ್ಲವಂತೆ. ಮದುವೆಯಾಗಿ ಹೋದ ಮನೆಗೆ ಅದು ಹೋಗಬಾರದೆಂಬ ಭೀತಿ. ಬಡವರಿಗೆ ಆ ಗುಟ್ಟೇ ಹೊಲವಾಗಿತ್ತು, ಅದೇ ಕೂಳಾಗಿತ್ತು. ಆದರೆ ಇಂದು ಆ ಮಗ್ಗಗಳ ಮುಂದೆ ಕುಳಿತವರು ಕೆಲವೇ ಜನ. ಕಾಯ್ದ ಗುಟ್ಟು ಅನ್ನವನ್ನು ಕೊಟ್ಟಿತು. ಕಾಯುವವರು ಕಡಿಮೆಯಾದಂತೆ ತಾನೂ ಕ್ಷೀಣಿಸಿತು. ಕೊಡುವವನ ಹೊಟ್ಟೆಯ ಚಿಂತೆಯನ್ನು ಸಮಾಜವು ವಹಿಸಿಕೊಂಡಲ್ಲದೆ ವಿದ್ಯಾದಾನವನ್ನು ಅವನಿಂದ ಬಯಸಲಾಗದೆಂಬದು ಇದರಿಂದ ತಿಳಿಯುವ ಪಾಠವು.

ಶಬ್ದಸಂಗ್ರಹವು ಈಗ ಮುಗಿದಿದೆ. ಮೊದಲು ತಿದ್ದಿ ನೋಡಿದ ಪುಟವು ಕೌದಿಯದು. ಅಲ್ಲಿ ಹೇಳಿದವರ ಸ್ಥಾನದಲ್ಲಿ ‘ಮನೆಯವರು’ ಎಂದಷ್ಟೇ ಇದೆ. ಆ ಪುಟದಲ್ಲಿ ಹಿರಿಯರು ಒಂದಕ್ಷರವನ್ನೂ ಬದಲಿಸಲಿಲ್ಲ. ಗ್ರಂಥದ ಹಕ್ಕು ಯಾರದೆಂದು ಬರೆಯಬೇಕೆಂದು ಮೊಮ್ಮಗನು ಕೇಳಿದಾಗ, ಹಿಂದೆ ತಾಳೆಗರಿಯ ಲಿಪಿಕಾರರು ಓದುವವರಿಗೆ ತಪ್ಪಿದ್ದರೆ ತಿದ್ದಿರೆಂದು ಬಿನ್ನವಿಸಿಕೊಳ್ಳುತ್ತಿದ್ದುದನ್ನು ಅವರು ನೆನೆದರು. ಯಾರಾದರೂ ಇದನ್ನು ಪ್ರತಿಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದು ಯಾವದೆಂಬದನ್ನು ಹೇಳಿ, ಮುಂದಿನವರಿಗೂ ಇದೇ ಅನುಮತಿಯನ್ನು ಕೊಡಬೇಕು ಎಂದು ಮೊದಲ ಪುಟದಲ್ಲಿ ಬರೆಯಿಸಿದರು. ಕೊಟ್ಟಷ್ಟೂ ಹೆಚ್ಚುವ ಧನವು ವಿದ್ಯೆಯೆಂದು ಅವರು ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಕಲಿತಿದ್ದರು. ಅದನ್ನು ಕೊಡುವ ಬಗೆಯನ್ನು ಎಪ್ಪತ್ತು ದಾಟಿದ ಮೇಲೆ ಒಂದು ಹಳೆಯ ಯಂತ್ರದ ಮುಂದೆ ಕುಳಿತು ಕಲಿತರು.