ಬಿದ್ದ ಮರಿ, ಇಳಿದ ಮರಿ

ದೆಹಲಿಯಲ್ಲಿ ನಿಮ್ಮ ಬೇಸಿಗೆ ರಜೆ ಶುರುವಾಗುವುದಕ್ಕೂ ಹಕ್ಕಿಗಳ ಮರಿಗಳು ಗೂಡಿನಿಂದ ಹೊರಗೆ ಬರುವುದಕ್ಕೂ ಯಾರೋ ಪಂಚಾಂಗ ನೋಡಿ ಮುಹೂರ್ತ ಕೂಡಿಸಿಟ್ಟ ಹಾಗೆ ಒಂದೇ ಕಾಲ. ಮೇ ತಿಂಗಳು ಬಂತೆಂದರೆ ನನ್ನ ಫೋನು ಬಡಿದುಕೊಳ್ಳುತ್ತದೆ. “ಆಂಟಿ, ಪಾರ್ಕ್‌ನಲ್ಲಿ ಒಂದು ಛೋಟಾ ಸಾ ಹಕ್ಕಿ ಮರಿ ಸಿಕ್ಕಿದೆ, ಅದರ ಮಮ್ಮಿ ಎಲ್ಲೂ ಕಾಣಿಸ್ತಿಲ್ಲ, ಏನು ಕೊಡಲಿ?” ಬಾಲ್ಕನಿಯಲ್ಲಿ ಕೂತು ಹಕ್ಕಿ ನೋಡುವ ಹುಚ್ಚಿನವಳು ಎಂದು ನಮ್ಮ ಸಂಘದಲ್ಲಿ ನನಗೆ ಹೆಸರು ಬಿದ್ದಿರುವುದರಿಂದ, ಈ ವಿಷಯದಲ್ಲಿ ಡಾಕ್ಟರಿಕೆಯೂ ನನ್ನ ಪಾಲಿಗೆ ಬಂದಿದೆ. ನನ್ನ ಉತ್ತರ ಹೆಚ್ಚಾಗಿ ಒಂದೇ: “ಏನೂ ಕೊಡಬೇಡ. ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ.” ಕೇಳಿದವರಿಗೆ ಸಿಟ್ಟು ಬರುತ್ತದೆ. ಇಷ್ಟು ಕಲ್ಲು ಮನಸ್ಸಿನವಳೇ ಈ ಆಂಟಿ ಎಂದು ಅಂದುಕೊಂಡವರೂ ಇದ್ದಾರೆ. ಆದ್ದರಿಂದ ಈ ಸಲ ಬರೆದೇ ಹೇಳುತ್ತೇನೆ, ಪುರುಸೊತ್ತಾಗಿ ಓದಿ.

ಮೊದಲು ನೋಡಬೇಕಾದದ್ದು, ಆ ಮರಿ ಗೂಡಿನಿಂದ ಬಿದ್ದದ್ದೋ ಇಳಿದದ್ದೋ ಎಂಬುದನ್ನು. ಮೈತುಂಬ ಗರಿ ಬಂದಿದೆ, ಬಾಲ ಮಾತ್ರ ಮೋಟು, ಬಾಯಿಯ ಅಂಚಿನಲ್ಲಿ ಇನ್ನೂ ಹಳದಿ ಬಣ್ಣ, ಹತ್ತಿರ ಹೋದರೆ ಕುಪ್ಪಳಿಸಿ ಕುಪ್ಪಳಿಸಿ ಓಡುತ್ತದೆ, ಎರಡಡಿ ಹಾರಿ ಮತ್ತೆ ದೊಪ್ಪನೆ ಕೂರುತ್ತದೆ. ಇಂಥದ್ದು ಇಳಿದ ಮರಿ. ನೀವು ‘ಬುಲ್‌ಬುಲ್’ ಎನ್ನುವ ಹಕ್ಕಿಗೆ ನಮ್ಮಲ್ಲಿ ಪಿಕಳಾರ ಎನ್ನುತ್ತಾರೆ. ಅದರ ಮರಿ ಮೊಟ್ಟೆಯೊಡೆದು ಎರಡು ವಾರ ತುಂಬುವ ಮೊದಲೇ ಗೂಡು ಬಿಡುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರಲು ಬಾರದು. ಇದು ತಾಯಿಯ ಅಲಕ್ಷ್ಯವಲ್ಲ, ಲೆಕ್ಕಾಚಾರ. ಮೂರು ಮರಿಗಳೂ ಒಂದೇ ಗೂಡಿನಲ್ಲಿ ಕೂತು ಹಸಿವೆಂದು ಕೂಗುತ್ತಿದ್ದರೆ ಕಾಗೆಯೋ ಹಾವೋ ಬಂದು ಮೂರನ್ನೂ ಒಂದೇ ಸಲಕ್ಕೆ ಮುಗಿಸಿಬಿಡಬಹುದು. ಮೂರು ಮೂರು ಕಡೆ ಪೊದೆಗಳಲ್ಲಿ ಚದುರಿ ಕೂತರೆ ಒಂದೆರಡಾದರೂ ಉಳಿದಾವು. ಅಪ್ಪ ಅಮ್ಮ ಎರಡೂ ಹಾರಿ ಹಾರಿ ಎಲ್ಲಕ್ಕೂ ತಿನ್ನಿಸುತ್ತಿರುತ್ತವೆ. ನೀವು ಅಲ್ಲಿ ಕಂಬದ ಹಾಗೆ ನಿಂತಿರುವವರೆಗೆ ಮಾತ್ರ ಬರುವುದಿಲ್ಲ. “ಮಮ್ಮಿ ಕಾಣಿಸ್ತಿಲ್ಲ” ಎನ್ನುವುದಕ್ಕೆ ಕಾರಣ ಸಾಮಾನ್ಯವಾಗಿ ನೋಡುತ್ತಾ ನಿಂತವರೇ.

ಎರಡು ವರ್ಷದ ಹಿಂದೆ ನಮ್ಮ ಬ್ಲಾಕಿನ ಹುಡುಗನೊಬ್ಬ, ಮಂಡ್ಯ ಕಡೆಯವರ ಮಗ, ಇಂಥ ಪಿಕಳಾರದ ಮರಿಯನ್ನು ಶೂ ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದ. ಅವನ ಅಜ್ಜಿ ಊರಿನಿಂದ ಬಂದಿದ್ದರು. ಪಾಪ, ಅವರು ಒಳಲೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಲು ಅಣಿಯಾಗುತ್ತಿದ್ದರು. ನಾನು ಹೋದಾಗ ಬಾಲ್ಕನಿಯ ಬಟ್ಟೆ ಒಣಗಿಸುವ ತಂತಿಯ ಮೇಲೆ ದೊಡ್ಡ ಪಿಕಳಾರವೊಂದು ಕೂತಿತ್ತು. ಕೊಕ್ಕಿನಲ್ಲಿ ಹಸಿರು ಹುಳು. ಒಳಗಿನಿಂದ ಮರಿ ಚೀಂ ಎಂದಾಗಲೆಲ್ಲ ಅದು ಗಾಜಿನ ಬಾಗಿಲ ತನಕ ಹಾರಿ ಬಂದು ಮತ್ತೆ ತಂತಿಗೆ ಹಿಂದಿರುಗುತ್ತಿತ್ತು. ಹುಳುವನ್ನು ತಾನೂ ನುಂಗಲಿಲ್ಲ, ಬಿಡಲೂ ಇಲ್ಲ. ಹುಡುಗನಿಗೆ ಬೆರಳು ತೋರಿಸಿದೆ, ಅಷ್ಟೇ. ಅವನೇ ಡಬ್ಬಿ ಎತ್ತಿಕೊಂಡು ಕೆಳಗೋಡಿ ಗೋರಂಟಿ ಬೇಲಿಯೊಳಗೆ ಮರಿಯನ್ನು ಬಿಟ್ಟ. ನಾವು ಮೂವತ್ತು ಹೆಜ್ಜೆ ದೂರದ ಬೆಂಚಿನ ಮೇಲೆ ಕೂತೆವು. ಸುಮಾರು ಮುಕ್ಕಾಲು ಗಂಟೆಯಾಯಿತು. ಹುಡುಗ ಅಷ್ಟು ಹೊತ್ತು ಮೊಬೈಲ್ ಮುಟ್ಟದೆ ಕೂತದ್ದನ್ನು ಅವನ ತಾಯಿ ಇಂದಿಗೂ ನಂಬುವುದಿಲ್ಲ. ಹಕ್ಕಿ ಬೇಲಿಯ ತುದಿಗೆ ಬಂತು, ಅತ್ತಿತ್ತ ನೋಡಿತು, ಒಳಗೆ ನುಗ್ಗಿತು. ಹೊರಗೆ ಬಂದಾಗ ಕೊಕ್ಕು ಖಾಲಿಯಿತ್ತು.

“ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವಂತೆ” ಎಂದು ಆ ಅಜ್ಜಿ ಆಮೇಲೂ ಅನುಮಾನಪಟ್ಟರು. ನಮ್ಮ ಊರುಗಳಲ್ಲೂ ಇಲ್ಲಿನ ಹಿಂದಿಯವರಲ್ಲೂ ಈ ನಂಬಿಕೆ ಗಟ್ಟಿಯಾಗಿದೆ. ಮಡಿ ಮೈಲಿಗೆ ನಮಗೆ ಮಾತ್ರ, ಹಕ್ಕಿಗಳಿಗಿಲ್ಲ. ಅವು ಮರಿಯನ್ನು ಗುರುತಿಸುವುದು ಮುಖ್ಯವಾಗಿ ದನಿಯಿಂದ ಮತ್ತು ನೋಟದಿಂದ. ನಿಮ್ಮ ಕೈ ತಾಕಿತೆಂದು ಯಾವ ಪಿಕಳಾರವೂ ಗೊರವಂಕವೂ ಮಗುವನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಆದ್ದರಿಂದ ನಾಯಿ, ಬೆಕ್ಕು, ಕಾರುಗಳ ಬಾಯಿಗೆ ಬೀಳುವ ಜಾಗದಲ್ಲಿ ಮರಿ ಕೂತಿದ್ದರೆ ಧೈರ್ಯವಾಗಿ ಎತ್ತಿ ಹತ್ತಿರದ ಪೊದೆಗೋ ಕೆಳಗಿನ ಕೊಂಬೆಗೋ ಸೇರಿಸಿ. ಹತ್ತಿರದ ಎಂದರೆ ನಾಲ್ಕಾರು ಹೆಜ್ಜೆ. ಮರಿಯ ಕೂಗು ತಾಯಿಗೆ ಕೇಳಬೇಕು.

ನಿಜವಾಗಿ ಬಿದ್ದ ಮರಿಯೂ ಇರುತ್ತದೆ. ಮೈ ಬೆತ್ತಲೆ, ಕಣ್ಣು ತೆರೆದಿಲ್ಲ ಅಥವಾ ಅಲ್ಲಲ್ಲಿ ಮುಳ್ಳಿನಂತೆ ಮೊಳೆಯುತ್ತಿರುವ ಗರಿ. ದೆಹಲಿಯ ಆಂಧಿ ಒಂದು ಸಂಜೆ ಬೀಸಿದರೆ ಬೇವಿನ ಮರದ ಕೆಳಗೆ ಇಂಥವು ಸಿಗುತ್ತವೆ. ಗೂಡು ಕಾಣುತ್ತಿದ್ದರೆ, ಕೈಗೆಟಕಿದರೆ, ಅದರಲ್ಲೇ ಇಟ್ಟುಬಿಡಿ. ಗೂಡೇ ಹರಿದು ಬಿದ್ದಿದ್ದರೆ ಮನೆಯಲ್ಲಿರುವ ಹೂವಿನ ಬುಟ್ಟಿಯೊಂದನ್ನು ತಂದು, ಒಣ ಹುಲ್ಲು ಹಾಸಿ, ಅದೇ ಮರಕ್ಕೆ ನೆರಳಿರುವ ಕಡೆ ಕಟ್ಟಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಲೂ ಗಾಳಿಯಲ್ಲಿ ಅದು ಬಾಣಲೆಯಾಗುತ್ತದೆ. ಹತ್ತಿಯೂ ಬೇಡ, ಉಗುರಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ದೂರ ಹೋಗಿ ಕಾಯಿರಿ. ಒಂದೆರಡು ಗಂಟೆ ಕಾದರೂ ಯಾರೂ ಬರದಿದ್ದರೆ ಮಾತ್ರ ಮುಂದಿನ ಮಾತು.

ಹಾಲಿನ ವಿಷಯ ಹೇಳಿಬಿಡುತ್ತೇನೆ. ನಮಗೆ ಮಗು ಎಂದರೆ ಹಾಲು. ಹಕ್ಕಿಗಳ ಹೊಟ್ಟೆಗೆ ಹಸುವಿನ ಹಾಲನ್ನು ಅರಗಿಸುವ ಶಕ್ತಿಯಿಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡೂ ಅಷ್ಟೇ. ಪಾರಿವಾಳದ ಹಾಲು ಎಂದು ಓದಿದ್ದೀರಲ್ಲ, ಅದು ಗಂಡು ಹೆಣ್ಣು ಎರಡೂ ಹಕ್ಕಿಗಳ ಗಂಟಲಿನ ಚೀಲದಲ್ಲಿ ತಯಾರಾಗುವ ಬೇರೆಯೇ ವಸ್ತು. ನೀರನ್ನೂ ಬಾಯಿಗೆ ಬಿಡಬೇಡಿ. ಹಕ್ಕಿಯ ಉಸಿರಿನ ನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಒಂದು ತೊಟ್ಟು ತಪ್ಪಿದರೆ ನೇರ ಶ್ವಾಸಕೋಶಕ್ಕೆ. ರಾತ್ರಿಯೆಲ್ಲ ಪ್ರೀತಿಯಿಂದ ನೀರು ಹಿಂಡಿ, ಬೆಳಗ್ಗೆ ಸತ್ತ ಮರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಅಳುತ್ತಾ ಬಂದ ಮಕ್ಕಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅವರಿಗೆ ಅದನ್ನೆಲ್ಲ ಆಗ ವಿವರಿಸಲು ಬಾಯಿ ಬರುವುದಿಲ್ಲ.

ಎಲ್ಲ ಹಕ್ಕಿಗಳ ಸಂಸಾರವೂ ಒಂದೇ ರೀತಿಯದಲ್ಲ. ಪಾರ್ಕಿನಲ್ಲಿ ಜಗಳಗಂಟಿಯರಂತೆ ಗಲಾಟೆ ಮಾಡುತ್ತಾ ಗುಂಪಾಗಿ ತಿರುಗುವ ಮಣ್ಣುಬಣ್ಣದ ಹಕ್ಕಿ ಇದೆಯಲ್ಲ, ಹಿಂದಿಯಲ್ಲಿ ಸಾತ್ ಭಾಯಿ ಎನ್ನುತ್ತಾರೆ, ಅದಕ್ಕೆ ಕನ್ನಡದ ಹೆಸರು ಹರಟೆಮಲ್ಲ. ಈ ಹೆಸರಿಟ್ಟವರಿಗೆ ನನ್ನ ನಮಸ್ಕಾರ. ಹರಟೆಮಲ್ಲನದು ಅವಿಭಕ್ತ ಕುಟುಂಬ. ಅಪ್ಪ ಅಮ್ಮ ಮಾತ್ರವಲ್ಲದೆ ಗುಂಪಿನ ಬೇರೆ ಹಕ್ಕಿಗಳೂ ಮರಿಗೆ ತಿನ್ನಿಸುತ್ತವೆ. ಅಂಥ ಮರಿಯನ್ನು ಅನಾಥ ಎಂದು ಎತ್ತಿಕೊಂಡು ಬಂದರೆ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಬೆನ್ನು ಹತ್ತುತ್ತಾರೆ. ಇನ್ನು ಗುರುಗ್ರಾಮ, ನೊಯಿಡಾದ ಖಾಲಿ ಸೈಟುಗಳಲ್ಲಿ, ಕೆಲವೊಮ್ಮೆ ಜಲ್ಲಿ ಹರಡಿದ ತಾರಸಿಗಳ ಮೇಲೂ, ಟಿಟ್ಟಿಭ ನೆಲದಲ್ಲೇ ಮೊಟ್ಟೆಯಿಡುತ್ತದೆ. ಪಂಚತಂತ್ರದಲ್ಲಿ ಮೊಟ್ಟೆಗಾಗಿ ಸಮುದ್ರದ ಮೇಲೇ ಯುದ್ಧಕ್ಕೆ ಹೊರಟ ಹಕ್ಕಿ ಇದೇ. ಅದರ ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಎದ್ದು ಓಡಾಡುತ್ತದೆ, ತನ್ನ ಊಟ ತಾನೇ ಹೆಕ್ಕುತ್ತದೆ. ಒಂಟಿಯಾಗಿ ಓಡುವ ಉಣ್ಣೆಯುಂಡೆ ಕಂಡರೆ ನೀವು ಮಾಡಬೇಕಾದ್ದು ನಿಮ್ಮ ನಾಯಿಯನ್ನು ಹಿಡಿದುಕೊಳ್ಳುವುದು. ಕಾಗೆಯಿಂದ ತುತ್ತು ತಿನ್ನಿಸಿಕೊಳ್ಳುವ ವಿಚಿತ್ರ ಮರಿ ಕಂಡರೆ ಅದು ಕೋಗಿಲೆಯದು. ಅಲ್ಲೂ ನಮ್ಮ ನ್ಯಾಯ ಪಂಚಾಯಿತಿ ಬೇಕಿಲ್ಲ.

ಬಿ.ಎ.ಯಲ್ಲಿ ಕೀಟ್ಸ್ ಕವಿಯ ನೈಟಿಂಗೇಲನ್ನು ಬಾಯಿಪಾಠ ಮಾಡಿ ಪಾಸಾದವರು ನಾವು. ಕಿಟಕಿಯ ಹೊರಗಿನ ಹಕ್ಕಿಗೆ ಏನು ಹೆಸರೆಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನೀವು ಹಾಗಾಗುವುದು ಬೇಡ. ಊರಿಗೆ ಹೋದಾಗ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತಂದುಕೊಳ್ಳಿ. ಅದರಲ್ಲಿರುವ ಎಷ್ಟೋ ಹಕ್ಕಿಗಳು ದೆಹಲಿಯಲ್ಲೂ ಇವೆ. ಹೆಸರು ಗೊತ್ತಿದ್ದರೆ ಸಹಾಯ ಕೇಳುವಾಗಲೂ ಅನುಕೂಲ. ಏಕೆಂದು ಮುಂದೆ ಹೇಳುತ್ತೇನೆ.

ರೆಕ್ಕೆ ಜೋತುಬಿದ್ದಿದೆ, ರಕ್ತ ಬರುತ್ತಿದೆ, ಬೆಕ್ಕಿನ ಬಾಯಿಯಿಂದ ಬಿಡಿಸಿದ್ದೀರಿ, ಅಥವಾ ತಾಯಿ ಸತ್ತಿರುವುದನ್ನು ಕಣ್ಣಾರೆ ಕಂಡಿದ್ದೀರಿ. ಬೆಕ್ಕಿನ ಹಲ್ಲು ತಾಗಿದ್ದರೆ ಮೇಲೆ ಗಾಯ ಕಾಣದಿದ್ದರೂ ಒಳಗೆ ನಂಜಾಗುತ್ತದೆ, ತಡಮಾಡಬಾರದು. ರಟ್ಟಿನ ಡಬ್ಬಿಗೆ ನಾಲ್ಕಾರು ತೂತು ಮಾಡಿ, ಹಳೆಯ ಹತ್ತಿಬಟ್ಟೆ ಹಾಸಿ, ಮರಿಯನ್ನಿಟ್ಟು ಮುಚ್ಚಿ. ಕತ್ತಲೆಯಲ್ಲಿ ಅದಕ್ಕೆ ಸಮಾಧಾನ. ಐದೈದು ನಿಮಿಷಕ್ಕೊಮ್ಮೆ ತೆರೆದು ಫೋಟೋ ತೆಗೆಯಬೇಡಿ. ಆಟೊ ಹಿಡಿಯಿರಿ, ಮೆಟ್ರೊದಲ್ಲಿ ಪ್ರಾಣಿಪಕ್ಷಿಗಳನ್ನು ಒಯ್ಯುವಂತಿಲ್ಲ. “ಲಾಲ್ ಕಿಲಾ ಎದುರು, ಜೈನ್ ಮಂದಿರ್, ಚಿಡಿಯೋಂ ಕಾ ಅಸ್ಪತಾಲ್” ಎನ್ನಿ.

ಗಾಯಗೊಂಡ ಹಕ್ಕಿ ಇಲ್ಲದಿದ್ದರೂ ಒಮ್ಮೆ ನೀವು ಆ ಜಾಗವನ್ನು ನೋಡಬೇಕು. ಆಗ ಮೆಟ್ರೊದಲ್ಲೇ ಹೋಗಿ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿಯಿರಿ. ಚಾಂದನಿ ಚೌಕದ ಬಾಯಲ್ಲೇ ಕೆಂಪು ಕಲ್ಲಿನ ಶಿಖರಗಳ ದಿಗಂಬರ ಜೈನ ಲಾಲ್ ಮಂದಿರವಿದೆ. ನಮ್ಮ ಶ್ರವಣಬೆಳಗೊಳದ್ದೂ ಇದೇ ದಿಗಂಬರ ಸಂಪ್ರದಾಯ. ಗುಡಿಯ ಆವರಣದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆ. 1929ರಲ್ಲಿ ಚಾಂದನಿ ಚೌಕದ ಜೈನರು ಆರಂಭಿಸಿದ್ದು, 1957ರಿಂದ ಈ ಗುಡಿಯ ಜಾಗದಲ್ಲಿದೆ. ಮೆಟ್ಟಿಲು ಹತ್ತುವಾಗಲೇ ಕಾಳಿನ ವಾಸನೆ, ಔಷಧಿಯ ವಾಸನೆ, ಪಾರಿವಾಳಗಳ ಗುಟುರು ಎಲ್ಲ ಒಟ್ಟಿಗೆ ಎದುರಾಗುತ್ತವೆ. ಸಾಲುಸಾಲು ಪಂಜರಗಳು. ಹೆಚ್ಚಿನ ರೋಗಿಗಳು ಪಾರಿವಾಳಗಳು. ಸೀಲಿಂಗ್ ಫ್ಯಾನಿಗೆ ಸಿಕ್ಕಿದವು, ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡವು, ಮೇ ಜೂನ್‌ನ ಬಿಸಿಲಿಗೆ ತಲೆ ಸುತ್ತಿ ಬಿದ್ದವು. ಕಾಲಿಗೆ ಬೆರಳಿನಷ್ಟು ಪಟ್ಟಿ ಕಟ್ಟಿಸಿಕೊಂಡು ಗಂಭೀರವಾಗಿ ಕೂತಿರುತ್ತವೆ. ಚೀಟಿಗೆ ಹಣವಿಲ್ಲ, ಔಷಧಿಗೂ ಇಲ್ಲ, ನಡೆಯುವುದು ದಾನದಿಂದ. ಹಳೇ ದೆಹಲಿಯ ಕೂಲಿಯವರು, ಅಂಗಡಿಯವರು, ಬುರ್ಖಾ ತೊಟ್ಟ ಹೆಂಗಸರು, ಶಾಲೆಯ ಮಕ್ಕಳು, ಯಾರು ಬೇಕಾದರೂ ಡಬ್ಬಿ ಹಿಡಿದು ಬರುತ್ತಾರೆ. ಗುಣವಾದ ಹಕ್ಕಿಯನ್ನು ತಂದವರಿಗೆ ಹಿಂದಿರುಗಿಸುವ ಪದ್ಧತಿಯಿಲ್ಲ. ಮೇಲಿನ ತಾರಸಿಯಿಂದ ಆಕಾಶಕ್ಕೆ ಬಿಡುತ್ತಾರೆ.

ಇಲ್ಲಿ ಹೆಸರಿನ ಮಾತು ಬರುತ್ತದೆ. ಇದು ಶಾಕಾಹಾರಿಗಳ ಆಸ್ಪತ್ರೆ. ಮಾಂಸ ತಿನ್ನುವ ಹಕ್ಕಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳುವುದಿಲ್ಲ. ಪಾರಿವಾಳದ ಪಕ್ಕದ ಹಾಸಿಗೆಯಲ್ಲಿ ಹದ್ದನ್ನು ಮಲಗಿಸುವುದಾದರೂ ಹೇಗೆ? ಆದರೆ ದೆಹಲಿಯ ಆಕಾಶ ಹದ್ದುಗಳದ್ದೇ. ಚಳಿಯ ಕೊನೆಗೆ ಎತ್ತರದ ಮರಗಳಲ್ಲಿ ಗೂಡು ಹಾಕಿ, ಬೇಸಿಗೆಯಲ್ಲಿ ಮರಿ ಹಾರಿಸುತ್ತವೆ. ಬಿದ್ದ ಹದ್ದಿನ ಮರಿಯೂ ಸಿಗುತ್ತದೆ. ಈ ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡವರು ಹಳೇ ದೆಹಲಿಯ ಅಣ್ಣತಮ್ಮಂದಿರು ನದೀಮ್ ಶೆಹಜಾದ್ ಮತ್ತು ಮೊಹಮ್ಮದ್ ಸೌದ್. ಹುಡುಗರಾಗಿದ್ದಾಗ ಅವರಿಗೆ ಗಾಯಗೊಂಡ ಹದ್ದೊಂದು ಸಿಕ್ಕಿ, ಮಾಂಸಾಹಾರಿ ಎಂಬ ಕಾರಣಕ್ಕೆ ಸೇರಿಸಲು ಜಾಗ ಸಿಗದೆ ಹೋಗಿತ್ತು. ಮುಂದೆ ಅವರು ವಜೀರಾಬಾದಿನಲ್ಲಿ ತಮ್ಮ ಸಾಬೂನು ಡಬ್ಬಿಯ ಯಂತ್ರಗಳಿದ್ದ ನೆಲಮಾಳಿಗೆಯಲ್ಲೇ ಹದ್ದುಗಳ ರೆಕ್ಕೆ ಹೊಲಿಯತೊಡಗಿದರು. 2022ರಲ್ಲಿ ಶೌನಕ್ ಸೇನ್ ಅವರ ಮೇಲೆ ತೆಗೆದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಆಸ್ಕರ್ ಸ್ಪರ್ಧೆಯ ಕೊನೆಯ ಸುತ್ತಿನವರೆಗೂ ಹೋಯಿತು. ಹದ್ದು, ಗೂಬೆಗಳ ಮರಿ ಸಿಕ್ಕರೆ ಇವರ ವೈಲ್ಡ್‌ಲೈಫ್ ರೆಸ್ಕ್ಯೂ ಇದೆ, ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯಿದೆ; ಮೊದಲು ಫೋನು ಮಾಡಿ ಕೇಳಿ. ಕೈಯಿಂದ ಹಿಡಿಯಬೇಡಿ. ದಪ್ಪ ಟವೆಲ್ ಮೇಲೆ ಹಾಕಿ ಎತ್ತಿ, ಉಗುರುಗಳ ಬಗ್ಗೆ ಎಚ್ಚರ. ಗೂಡಿನ ಹತ್ತಿರ ಹೋದರೆ ತಾಯಿ ಹದ್ದು ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದೆ, ಅದೂ ನೆನಪಿರಲಿ.

“ಸಾಕಿಕೊಳ್ಳಲೇ ಆಂಟಿ?” ಎಂಬುದು ಕೊನೆಯ ಪ್ರಶ್ನೆ, ಮುಖ್ಯವಾಗಿ ಗಿಳಿಮರಿ ಸಿಕ್ಕಾಗ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ಕಾಯ್ದೆ ಹಾಗಿರಲಿ, ಮನುಷ್ಯರ ಕೈಯಲ್ಲೇ ಬೆಳೆದ ಮರಿಗೆ ಬೆಕ್ಕೆಂದರೆ ಏನು, ತನ್ನವರ ಎಚ್ಚರಿಕೆಯ ಕೂಗೆಂದರೆ ಏನು ಎಂದು ಯಾರು ಹೇಳಿಕೊಡುತ್ತಾರೆ? ಅದು ಹಸಿವಾದಾಗ ಮನುಷ್ಯರ ಹೆಗಲು ಹುಡುಕುತ್ತದೆ. ಎಲ್ಲ ಹೆಗಲುಗಳೂ ನಿಮ್ಮವಾಗಿರುವುದಿಲ್ಲ.

ಏನಾದರೂ ಮಾಡಲೇಬೇಕು ಎಂಬ ತುಡಿತ ಇದ್ದವರಿಗೆ ಕೆಲಸಗಳಿವೆ. ಬಾಲ್ಕನಿಯ ನೆರಳಿನಲ್ಲಿ ಮಣ್ಣಿನ ಬೋಗುಣಿಯಲ್ಲಿ ನೀರಿಡಿ, ದಿನಾ ತೊಳೆಯಿರಿ. ಏಪ್ರಿಲ್‌ನಿಂದ ಜುಲೈವರೆಗೆ ಬೇಲಿ ಕತ್ತರಿಸಬೇಡವೆಂದು ಸೊಸೈಟಿಯ ಮಾಲಿಗೆ ಹೇಳಿ. ಇದೊಂದರಿಂದಲೇ ಎಷ್ಟು ಗೂಡು ಉಳಿಯುತ್ತವೆಯೋ. ಗುಬ್ಬಚ್ಚಿ 2012ರಿಂದ ದೆಹಲಿಯ ರಾಜ್ಯಪಕ್ಷಿ, ಅದು ಎಸಿಯ ಸಂದಿಯಲ್ಲಿ ಕಟ್ಟಿದ ಗೂಡನ್ನು ಮರಿಗಳು ಹಾರಿಹೋಗುವವರೆಗೆ ಸಹಿಸಿಕೊಳ್ಳಿ. ಆಗಸ್ಟ್ 15ರ ಗಾಳಿಪಟಕ್ಕೆ ಬರಿಯ ನೂಲಿನ ದಾರ ಕೊಳ್ಳಿ. ಚೈನೀಸ್ ಮಾಂಜಾವನ್ನು 2017ರಲ್ಲೇ ದೆಹಲಿ ಸರಕಾರ ನಿಷೇಧಿಸಿದ್ದರೂ ಗಲ್ಲಿಗಳಲ್ಲಿ ಸಿಗುತ್ತದೆ. ಹಬ್ಬದ ಮರುದಿನ ನಿಮ್ಮ ಕಾಲೊನಿಯ ಮರಗಳಲ್ಲಿ ತೂಗಾಡುವ ದಾರಗಳನ್ನು ಒಂದು ಕೋಲು ಹಿಡಿದು ಸುತ್ತಿ ತೆಗೆಯಿರಿ. ಆ ಹುಡುಗ ಹೋದ ವರ್ಷ ಒಂದು ಬೆಳಗ್ಗೆ ನಾಲ್ಕು ಉಂಡೆ ತೆಗೆದ.