ಕಿವಿ ಒಂದು ಹೇಳ್ತು, ಕೈ ಇನ್ನೊಂದು ಹೇಳ್ತು

ಈ ಸಲ ತೋಟದ ಸುದ್ದಿ ಕಮ್ಮಿ, ಗಿಟಾರಿನ ಸುದ್ದಿ ಜಾಸ್ತಿ. ನಾನು ಹೊಸ ಎಲೆಕ್ಟ್ರಿಕ್ ಗಿಟಾರ್ ತಂದ ವಿಷಯ ಅಡಿಕೆ ಸುಲಿಯೋ ಚಪ್ಪರದಿಂದ ಹಿಡಿದು ಸೊಸೈಟಿ ತನಕ ಹಬ್ಬಿದೆ. "ಎಷ್ಟಾಯ್ತು?" ಅಂತ ಕೇಳಿದವರೇ ಎಲ್ಲ. "ಹ್ಯಾಗೆ ಆರಿಸಿದ್ರಿ?" ಅಂತ ಕೇಳಿದವರು ಇಬ್ಬರು ಮಾತ್ರ. ಆ ಇಬ್ಬರ ಮಕ್ಕಳೂ ಗಿಟಾರ್ ಕಲೀತಿದ್ದಾರೆ. ಇದು ಅವರಿಗೆ, ಮತ್ತೆ ಮುಂದೆ ಕೇಳುವವರಿಗೆ.

ಮೂರು ವರ್ಷದ ಹಿಂದೆ ನನ್ನ ಎಡಗೈ ಉಂಗುರ ಬೆರಳಿಗೆ ಕತ್ತಿ ತಾಗಿದ್ದು ನಿಮಗೆ ಗೊತ್ತು. ಗಾಯ ವಾಸಿಯಾಯ್ತು, ಗಂಟು ಮಾತ್ರ ಪೂರ್ತಿ ಮಡಚಲ್ಲ. ಸೊಪ್ಪು ಕಡಿಯೋಕೆ, ಗೊನೆ ಹೊರೋಕೆ ಏನೂ ತೊಂದರೆ ಇಲ್ಲ. ಗಿಟಾರ್ ಹಿಡಿದರೆ ಮಾತ್ರ ಹತ್ತು ನಿಮಿಷಕ್ಕೆ ನೋವು ಮೊಣಕೈ ತನಕ ಏರುತ್ತೆ. ಹಳೇ ಗಿಟಾರಿನ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯೋ ಉದ್ದನೆ ಭಾಗ, ಗುದ್ದಲಿ ಕಾವಿನಷ್ಟು ದಪ್ಪ. ಅದರ ಮೇಲಿನ ಲೋಹದ ಫ್ರೆಟ್‌ಗಳೂ ಸವೆದಿದ್ದವು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ನುಡಿಸಿದವನು ಎರಡು ವರ್ಷದಿಂದ ಅಲ್ಲಿ ಕುರ್ಚಿ ಹಾಕ್ತಾ ಇದ್ದೆ. ಹಾಗಾಗಿ ನನ್ನ ಪ್ರಶ್ನೆ "ಯಾವ ಗಿಟಾರ್ ಒಳ್ಳೇದು?" ಅಂತ ಇರಲಿಲ್ಲ. "ಈ ಕೈ ನುಡಿಸಬಲ್ಲ ಗಿಟಾರ್ ಇದೆಯಾ, ಅಥವಾ ಸಾಕು ಅಂತ ಬಿಡೋದಾ?" ಅಂತ ಇತ್ತು.

ಈ ಸಲ ಅಡಿಕೆ ದುಡ್ಡಲ್ಲಿ ಸ್ವಲ್ಪ ಎತ್ತಿಟ್ಟು ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಅಂಗಡಿಯಲ್ಲಿ ಮೂರು ತಾಸು ಕೂತೆವು. ಕೊನೆಗೆ ಎರಡು ಉಳಿದವು.

ಒಂದು ಸ್ಟ್ರಾಟ್ ಮಾದರಿ. ಇದರ ಮೂಲ ಸ್ಟ್ರಾಟೊಕಾಸ್ಟರ್. 1954ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅನ್ನೋರ ಕಂಪನಿ ಹೊರತಂದದ್ದು. ಈ ಫೆಂಡರ್ ಕಿತ್ತಳೆ ತೋಟದವರ ಮಗ, ರೇಡಿಯೋ ರಿಪೇರಿಯ ಮನುಷ್ಯ. ಸ್ವತಃ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಹಾಗಾಗಿ ನುಡಿಸುವವರ ಮಾತು ಕೇಳ್ತಿದ್ದರು. ಅವರ ಹಿಂದಿನ ಗಿಟಾರಿನ ಚೌಕ ಅಂಚು ಪಕ್ಕೆಲುಬಿಗೆ ಒತ್ತುತ್ತೆ ಅಂತ ದೂರು ಬಂತು. ಹೊಸದರಲ್ಲಿ ಮೈ ತಾಗುವ ಕಡೆ, ಮುಂಗೈ ಊರುವ ಕಡೆ ಮರವನ್ನು ಕೆತ್ತಿ ಇಳಿಜಾರು ಮಾಡಿದರು. ಎಪ್ಪತ್ತು ವರ್ಷ ಆದರೂ ಆ ಆಕಾರ ಹಾಗೇ ಇದೆ.

ಇನ್ನೊಂದು ಲೆಸ್ ಪಾಲ್ ಕಡೆಯ ಮಾದರಿ, ಮೈ ಸ್ವಲ್ಪ ತೆಳ್ಳಗೆ ಮಾಡಿ ಹಗುರಗೊಳಿಸಿದ್ದು. ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲದ ಕಂಪನಿಯದ್ದು.

ಮೊದಲು ಎರಡನ್ನೂ ಕರೆಂಟಿಗೆ ಹಾಕದೇ ಬರೀ ಕೈಯಲ್ಲಿ ನುಡಿಸಿದೆ. ಕತ್ತಿ ಕೊಳ್ಳುವಾಗ ನಾವು ಅಲಗು ನೋಡೋಕೆ ಮುಂಚೆ ಹಿಡಿ ಹಿಡಿದು ಬೀಸಿ ನೋಡಲ್ವಾ, ಹಾಗೆ. ಆಂಪ್ಲಿಫೈಯರ್ ಜೋರಾಗಿ ಕೂಗೋಕೆ ಶುರು ಮಾಡಿದ ಮೇಲೆ ಕೈಯ ಮಾತು ಕೇಳಿಸಲ್ಲ. ತಂತಿ ಎಲ್ಲಿ ಕಿರಗುಡುತ್ತೆ, ಯಾವ ಸ್ವರ ಬೇಗ ಸಾಯುತ್ತೆ, ನೆಕ್ ಅಂಗೈಯಲ್ಲಿ ಕೂರುತ್ತಾ, ಇದೆಲ್ಲ ಸದ್ದಿಲ್ಲದಾಗಲೇ ತಿಳಿಯೋದು.

ಕೈಗೆ ತಕ್ಷಣ ಗೊತ್ತಾದ ವ್ಯತ್ಯಾಸ ತಂತಿಯ ಉದ್ದದ್ದು. ಸ್ಟ್ರಾಟ್ ಮಾದರಿಯಲ್ಲಿ ತಂತಿ ಮಿಡಿಯುವ ಉದ್ದ ಇಪ್ಪತ್ತೈದೂವರೆ ಇಂಚು. ಇನ್ನೊಂದರಲ್ಲಿ ಇಪ್ಪತ್ತನಾಲ್ಕೂ ಮುಕ್ಕಾಲು. ಮುಕ್ಕಾಲು ಇಂಚಲ್ಲಿ ಏನಿದೆ ಅನ್ನಬೇಡಿ ಮಾರಾಯ್ರೆ. ಅದೇ ತಂತಿ, ಅದೇ ಶ್ರುತಿ ಇಟ್ಟರೆ ಬಿಗಿತ ನೂರಕ್ಕೆ ಆರರಷ್ಟು ಕಮ್ಮಿಯಾಗುತ್ತೆ. ಮೊದಲ ಫ್ರೆಟ್ ತನಕದ ಜಾಗ ಒಂದು ಮಿಲಿಮೀಟರ್ ಗಿಡ್ಡ ಆಗುತ್ತೆ. ನೆಟ್ಟಗಿರೋ ಬೆರಳಿಗೆ ಇದು ಲೆಕ್ಕಕ್ಕಿಲ್ಲ. ನನ್ನ ಬೆರಳಿಗೆ ಆ ಒಂದು ಮಿಲಿಮೀಟರೇ ಎಲ್ಲ.

ಆಮೇಲೆ ಆಂಪ್ಲಿಫೈಯರಿಗೆ ಹಾಕಿದ್ವಿ. ಅಲ್ಲಿ ಕಿವಿ ಜಗಳ ತೆಗೀತು. ಸ್ಟ್ರಾಟಿನ ನಾದ ಅಂದರೆ ಚಳಿಗಾಲದ ಬೆಳಿಗ್ಗೆ ಕಂಚಿನ ಬಟ್ಟಲಿಗೆ ಚಮಚ ತಾಗಿದ ಹಾಗೆ, ಒಂದೊಂದು ತಂತಿಯೂ ಬೇರೆ ಬೇರೆ ಕೇಳುತ್ತೆ. ಇನ್ನೊಂದರ ನಾದ ದುಂಡಗೆ, ದಪ್ಪಗೆ, ಸ್ವಲ್ಪ ಮಂಕು. ಮಗಳಿಗೆ ಬೆನ್ನು ತಿರುಗಿಸಿ ಕೂರು ಅಂದೆ, ಯಾವುದು ಯಾವುದು ಅಂತ ಹೇಳದೇ ಒಂದೇ ಹಾಡನ್ನು ಎರಡರಲ್ಲೂ ನುಡಿಸಿದೆ. ಅವಳು, "ಅಪ್ಪಾ, ಮೊದಲನೇದರ ಸೌಂಡ್ ಚೆನ್ನಾಗಿದೆ. ಆದ್ರೆ ಎರಡನೇದರಲ್ಲಿ ನೀನು ಚೆನ್ನಾಗಿ ನುಡಿಸ್ತಿದೀಯ" ಅಂದಳು. ಮೊದಲನೇದು ಸ್ಟ್ರಾಟ್.

ನಾದ ಯಾಕೆ ಬೇರೆ ಅಂತ ಪಂಪ್‌ಸೆಟ್ ಇರೋ ನಮಗೆ ವಿವರಿಸೋದು ಸುಲಭ. ತಂತಿಯ ಕೆಳಗೆ ಪಿಕಪ್ ಅಂತ ಇರುತ್ತೆ. ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಸಾಮಾನ್ಯವಾಗಿ ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಕೆಳಗೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ಸ್ಟ್ರಾಟಿನ ಪಿಕಪ್ಪಿನಲ್ಲಿ ಒಂದೇ ಸುರುಳಿ. ಅದಕ್ಕೇ ಆ ಸ್ಪಷ್ಟತೆ. ಆದರೆ ಆ ಸುರುಳಿ ಸುತ್ತಲಿನ ವೈರಿಂಗಿನ ಗುಂಯ್ ಅನ್ನೋ ಸದ್ದನ್ನೂ ಹಿಡಿಯುತ್ತೆ. ಅದನ್ನು ತಪ್ಪಿಸೋಕೆ 1955ರ ಹೊತ್ತಿಗೆ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಯ ಪಿಕಪ್ ಮಾಡಿದರು, ಹೆಸರು ಹಂಬಕರ್. ಎರಡು ಸುರುಳಿ ಉಲ್ಟಾ ಉಲ್ಟಾ, ಆಯಸ್ಕಾಂತವೂ ಉಲ್ಟಾ. ಗುಂಯ್ ಸದ್ದು ಒಂದನ್ನೊಂದು ಹೊಡೆದು ಹಾಕುತ್ತೆ, ತಂತಿಯ ನಾದ ಮಾತ್ರ ಕೂಡುತ್ತೆ. ನಮ್ಮ ಕಡೆ ಅರ್ಥಿಂಗ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಪೆಂಡಾಲಲ್ಲಿ ಸೀರಿಯಲ್ ಲೈಟ್ ಹಾಕಿದ ತಕ್ಷಣ ಹಳೇ ಗಿಟಾರು ಹಲಸಿನ ಹಣ್ಣಿನ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಅಂಗಡಿಯೊಳಗೆ ಇದು ಗೊತ್ತಾಗಲ್ಲ, ಅಲ್ಲಿ ಕರೆಂಟು ಚೊಕ್ಕ. ಗಿಟಾರನ್ನು ಹಾಗೇ ಹಿಡಿದು ಟ್ಯೂಬ್‌ಲೈಟ್ ಹತ್ತಿರ ಹೋಗಿ ನಿಂತು ನೋಡಿ.

ಮರದ ಬಗ್ಗೆ ಒಂದು ಮಾತು. ಬೆರಳು ಊರುವ ಹಲಗೆಗೆ ಹೆಚ್ಚಾಗಿ ಬಳಸೋದು ನಮ್ಮ ಬೀಟೆ. ತೋಟದ ಅಂಚಲ್ಲಿ ನಿಂತ ಬೀಟೆಯನ್ನು ಕಡಿಯೋಕೆ ನಮಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದರ ಚೂರು ಮಾತ್ರ ದೇಶ ಸುತ್ತಿ ಗಿಟಾರಾಗಿ ವಾಪಸ್ ಬಂದಿರುತ್ತೆ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಮ್ಮಿ ಬೆಲೆಯ ಕೆಲವು ಗಿಟಾರುಗಳ ಮೇಲೆ 'ಇಂಡಿಯನ್ ಲಾರೆಲ್' ಅಂತ ಬರೆದಿರುತ್ತೆ. ಮರದ ವ್ಯಾಪಾರದಲ್ಲಿ ಆ ಹೆಸರು ನಮ್ಮ ಮತ್ತಿಗೆ. ಬೀಟೆಯೋ ಮತ್ತಿಯೋ, ಎಲೆಕ್ಟ್ರಿಕ್ ಗಿಟಾರಿನ ನಾದದಲ್ಲಿ ಪಿಕಪ್, ತಂತಿ, ನುಡಿಸುವ ಕೈ ಇವುಗಳದ್ದೇ ದೊಡ್ಡ ಪಾಲು. ಮರ ಒಣಗಿದೆಯಾ, ನೆಕ್ ನೆಟ್ಟಗಿದೆಯಾ ನೋಡಿ. ಮರದ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಕೊನೆಗೆ ಕೈ ಹೇಳಿದ್ದನ್ನೇ ತಂದೆ. ಲೆಕ್ಕ ಇಷ್ಟೇ. ನಾದವನ್ನು ಗುಂಡಿ ತಿರುಗಿಸಿ, ಪಿಕಪ್ ಬದಲಿಸಿ, ಸ್ವಲ್ಪವಾದರೂ ತಿದ್ದಬಹುದು. ನೆಕ್ಕಿನ ದಪ್ಪ, ತಂತಿಯ ಉದ್ದ ತಿದ್ದೋಕಾಗಲ್ಲ. ಕೈಗೆ ಒಗ್ಗದ ಗಿಟಾರು ಎಷ್ಟೇ ಚೆಂದ ನುಡಿದರೂ ಗೋಡೆಗೆ ಹೋಗುತ್ತೆ. ನನ್ನದರಲ್ಲಿ ಒಂದು ಗುಂಡಿ ಎಳೆದರೆ ಹಂಬಕರಿನ ಒಂದು ಸುರುಳಿ ಆಫ್ ಆಗುತ್ತೆ, ಆಗ ನಾದ ಸ್ಟ್ರಾಟಿನ ದಿಕ್ಕಿಗೆ ಸ್ವಲ್ಪ ವಾಲುತ್ತೆ. ಅದೇ ನಾದ ಅಲ್ಲ. ಆ ಕಂಚಿನ ಬಟ್ಟಲು ಅಂಗಡಿಯಲ್ಲೇ ಉಳೀತು, ಈಗಲೂ ಕಿವಿಯಲ್ಲಿದೆ. ಆದರೆ ತಂದ ದಿನ ರಾತ್ರಿ ನಲವತ್ತು ನಿಮಿಷ ನುಡಿಸಿದೆ. ಮೂರು ವರ್ಷದಲ್ಲಿ ಅಷ್ಟು ಹೊತ್ತು ನುಡಿಸಿರಲಿಲ್ಲ.

ಮಕ್ಕಳಿಗೆ ಕೊಳ್ಳುವವರು ಮಕ್ಕಳನ್ನೇ ಕರೆದುಕೊಂಡು ಹೋಗಿ, ಅವರ ಕೈಯ ಅಳತೆ ನಿಮಗೆ ಗೊತ್ತಾಗಲ್ಲ. ಕೂತು ನುಡಿಸಲಿ, ಪಟ್ಟಿ ಹಾಕಿಕೊಂಡು ನಿಂತೂ ನುಡಿಸಲಿ. ನಾಲ್ಕು ಕೆಜಿ ಮೇಲಿದ್ದರೆ ಭುಜ ಹೇಳುತ್ತೆ. ಮನೆಯಲ್ಲಿರೋದು ಸಣ್ಣ ಆಂಪ್ಲಿಫೈಯರ್ ಆದರೆ ಅಂಗಡಿಯಲ್ಲೂ ಸಣ್ಣದರಲ್ಲೇ ಕೇಳಿ. ಬಣ್ಣವನ್ನು ಕೊನೆಗೆ ನೋಡಿ. ಇಷ್ಟವಾದ ಬಣ್ಣ ಇದ್ದರೆ ಮಗು ದಿನಾ ಕೈಗೆತ್ತಿಕೊಳ್ಳುತ್ತೆ, ಅದೂ ಸುಳ್ಳಲ್ಲ.

ನಮ್ಮ ಮಳೆಗಾಲಕ್ಕೆ ಮರ ನೀರು ಹೀರಿ ನೆಕ್ ಬಾಗುತ್ತೆ. ಒಳಗಿರೋ ಕಬ್ಬಿಣದ ಸರಳನ್ನು ತಿರುಗಿಸಿ ಸರಿ ಮಾಡಬಹುದು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ನುಡಿಸಿದ ಮೇಲೆ ತಂತಿ ಒರೆಸಿ ಚೀಲದೊಳಗಿಡಿ.

ಸುಲಿತ ಮುಗಿದ ಮೇಲೆ ಯಾವುದಾದರೂ ಸಂಜೆ ಮಕ್ಕಳನ್ನು ಕರ್ಕೊಂಡು ಬನ್ನಿ. ಹಳೇದೂ ಇದೆ, ಹೊಸದೂ ಇದೆ, ಎರಡನ್ನೂ ಹಿಡಿದು ನೋಡಲಿ.