ವಿಷ ಹಾಕಿದರು ಅಂತ ಬರೆಯುವ ಮುಂಚೆ

ಮಳೆಗಾಲ ಹತ್ತಿರ ಬಂತೆಂದರೆ ಸೊರಬ ಕಡೆಯ ನಮ್ಮಂಥ ವರದಿಗಾರರಿಗೆ ಒಂದು ಫೋನ್ ಬಂದೇ ಬರುತ್ತದೆ. "ಯಾರೋ ನೀರಿಗೆ ವಿಷ ಹಾಕಿದ್ದಾರೆ, ಮೀನೆಲ್ಲ ತೇಲ್ತಿವೆ, ಬಂದು ಫೋಟೊ ತೆಗೀರಿ." ಮೊದಲು ಕೆರೆಯ ಸುದ್ದಿ ಮಾತ್ರ ಇರುತ್ತಿತ್ತು. ಈಗ ಹಿತ್ತಲಿನ ತೊಟ್ಟಿಗಳೂ ಸೇರಿವೆ.

2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂತು. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಬಯೋಫ್ಲಾಕ್ ಎಂಬ ಹೆಸರು ಊರೂರಿಗೆ ಗೊತ್ತಾಯಿತು. ಬೇಸಿಗೆಯಲ್ಲಿ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುವ ನಮ್ಮ ಜನ ಟಾರ್ಪಾಲ್ ತೊಟ್ಟಿಯಲ್ಲಿ ಮೀನು ಸಾಕುವ ಲೆಕ್ಕ ಹಾಕತೊಡಗಿದರು.

ಕುಪ್ಪಗಡ್ಡೆಯ ಹುಡುಗನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಬಂದು ಇಂಥದ್ದೊಂದು ತೊಟ್ಟಿ ಮಾಡಿದ. 4 ಮೀಟರ್ ಅಗಲ, 1 ಮೀಟರ್ ನೀರು. ಅಂದರೆ ಸುಮಾರು 12,500 ಲೀಟರ್. ಅದರಲ್ಲಿ 1,000 ಜಿಲೇಬಿ ಮೀನಿನ ಮರಿ. ದುಡ್ಡು ಅವನ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ತೆಗೆದ ಸಾಲ. ನೀರು ತುಂಬಿದ ಮೂರನೇ ದಿನವೇ ಮರಿ ಬಿಟ್ಟಿದ್ದ. 22ನೇ ದಿನ 11 ಮೀನು ಸತ್ತವು, ಮರುದಿನ 40.

ನಾವು ಹೋದಾಗ ಅವನು ಹೇಳಿದ್ದು ಒಂದೇ ಮಾತು. "ಅಣ್ಣಾ, ಅಮೋನಿಯಾ ಹೆಚ್ಚುಕಡಿಮೆ ಸೊನ್ನೆ ಐತಿ. ಗಾಳಿ ಮೋಟಾರ್ ಒಂದು ಗಳಿಗೆನೂ ನಿಂತಿಲ್ಲ. ಪಕ್ಕದ ತೋಟದೋರೇ ಏನೋ ಮಾಡ್ಯಾರೆ. ಹೆಸರು ಹಾಕಿ ಬರೀರಿ."

ಅನುಮಾನಕ್ಕೆ ಆಧಾರವೇ ಇರಲಿಲ್ಲ ಅನ್ನುವಂತಿಲ್ಲ. ಪಕ್ಕದ್ದು ಅಡಿಕೆ ತೋಟ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮೀನಿಗೆ ವಿಷವೇ, ನಮ್ಮ ಕಡೆಯ ಮೆದು ನೀರಿನಲ್ಲಂತೂ ಹೆಚ್ಚು. ಎರಡು ಮನೆಗಳ ನಡುವೆ ಬೇಲಿಯ ತಕರಾರು ಮೊದಲೇ ಇತ್ತು. ಆ ಹಿರಿಯರ ಹೆಸರು ಪೇಪರಿನಲ್ಲಿ ಬಂದರೆ ವಿಷಯ ಠಾಣೆಗೆ ಹೋಗುತ್ತಿತ್ತು, ಆಮೇಲೆ ಯಾರ ಕೈಯಲ್ಲೂ ಇರುತ್ತಿರಲಿಲ್ಲ.

ನಾವು ಊರಿನ ಅಕ್ಕನೊಬ್ಬರಿಗೆ ಫೋನ್ ಮಾಡಿದೆವು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಕುಡಿಯುವ ನೀರು ಪರೀಕ್ಷಿಸಲು ಪ್ರತಿ ಹಳ್ಳಿಯಲ್ಲಿ 5 ಮಹಿಳೆಯರಿಗೆ ತರಬೇತಿ ಕೊಡುವ ಕ್ರಮವಿದೆ. ಅವರು ಅದರಲ್ಲಿ ಒಬ್ಬರು. ಮೀನಿನ ವಿಷಯ ಗೊತ್ತಿಲ್ಲ, ಆದರೆ ಬಣ್ಣದ ಕಾರ್ಡ್ ಓದಲು ಬರುತ್ತದೆ ಎಂದೇ ಬಂದರು.

ಅವರು ಮೊದಲು ನೋಡಿದ್ದು ನೀರನ್ನಲ್ಲ, ಕಿಟ್ಟನ್ನು. ಬಾಟಲಿಗಳ ಅವಧಿ ಮುಗಿದಿದೆಯೇ? ಇಲ್ಲ. ಆಮೇಲೆ ಅಂಗಡಿಯಿಂದ ತಂದ ಶುದ್ಧ ನೀರಿಗೆ ಹನಿ ಹಾಕಿದರು. ಸೊನ್ನೆ ಬರಬೇಕಾದಲ್ಲಿ ಸೊನ್ನೆ ಬಂತು. ಕಿಟ್ ಸರಿಯಿದೆ.

ಎರಡನೆಯದು, ತೊಟ್ಟಿಯ ನೀರು ಕಂದು ಬಣ್ಣದ್ದು. ಅದನ್ನು ಹಾಗೇ ಕೊಳವೆಗೆ ಹಾಕಿದರೆ ಕಾಣುವುದು ಕೆಸರಿನ ಬಣ್ಣ. ಲೋಟದಲ್ಲಿ ಅರ್ಧ ಗಂಟೆ ಇಟ್ಟು ಮೇಲಿನ ತಿಳಿ ನೀರು ತೆಗೆದರು. ಟ್ಯೂಬ್‌ಲೈಟ್ ಕೆಳಗಲ್ಲ, ಜಗಲಿಯ ಬೆಳಕಿಗೆ ಹಿಡಿದರು. ಕಿಟ್‌ನ ಚೀಟಿಯಲ್ಲಿ ಹೇಳಿದಷ್ಟು ನಿಮಿಷ ಕಾದರು.

ಅಮೋನಿಯಾ 0.5. ಹುಡುಗ ಹೇಳಿದ್ದು ನಿಜ. ಪುಸ್ತಕದಲ್ಲಿ ಅವನು ಬರೆದುಕೊಂಡಿದ್ದೂ ಹಾಗೇ ಇತ್ತು, ಮೊದಲ ವಾರ 4ರವರೆಗೆ ಏರಿ ಆಮೇಲೆ ಇಳಿದಿತ್ತು. ಆದರೆ ನೈಟ್ರೈಟ್ ಎಂದು ಬರೆದಿದ್ದ ಬಾಟಲಿಯ ಮುಚ್ಚಳ ಇನ್ನೂ ಒಡೆದಿರಲಿಲ್ಲ. ಅಮೋನಿಯಾ ಒಂದು ನೋಡಿದರೆ ಸಾಕು ಎಂದು ಮಾರಿದವರು ಹೇಳಿದ್ದರಂತೆ.

ನೈಟ್ರೈಟ್ ಹನಿ ಹಾಕಿದ ಕೂಡಲೇ ಕೊಳವೆ ಗಾಢ ನೇರಳೆಯಾಯಿತು. ಕಾರ್ಡಿನ ಕೊನೆಯ ಬಣ್ಣ, 5. ಕೊನೆಯ ಬಣ್ಣ ಬಂದರೆ ಅದು 5 ಆಗಿರಬಹುದು, 50 ಕೂಡ ಆಗಿರಬಹುದು. ಅಕ್ಕ ಒಂದು ಪಾಲು ತೊಟ್ಟಿ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಮತ್ತೆ ನೋಡಿದರು. 2 ಬಂತು. ಐದರಿಂದ ಗುಣಿಸಿದರೆ 10.

ಆಗ ಸತ್ತ ಮೀನೊಂದರ ಕಿವಿರು ಎತ್ತಿ ನೋಡಿದೆವು. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ಆಗುವುದು ಇಷ್ಟು. ಮೀನಿನ ಕಸ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದರಿಂದ ಮೀನಿಗೆ ಅಷ್ಟು ಅಪಾಯವಿಲ್ಲ. ಎರಡನೇ ಜಾತಿ ನಿಧಾನಕ್ಕೆ ಬೆಳೆಯುತ್ತದೆ. ಹೊಸ ನೀರಿನಲ್ಲಿ ಎರಡೂ ನೆಲೆಯಾಗಲು 4ರಿಂದ 6 ವಾರ ಬೇಕು. ನಡುವಿನ ದಿನಗಳಲ್ಲಿ ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದಿಲ್ಲ. ಗಾಳಿ ಎಷ್ಟು ಬಿಟ್ಟರೂ ಮೀನು ಉಸಿರುಗಟ್ಟುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ನಿಯಮ ಇರುವುದೂ ಇದೇ ಕಾರಣಕ್ಕೆ. ಎಳೆ ಕೂಸುಗಳ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ಮೈ ನೀಲಿಗಟ್ಟುತ್ತದೆ.

ಮೀನುಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರಿಗೆ ಅಂಕಿ ಓದಿ ಹೇಳಿದೆವು. ಆಹಾರ ನಿಲ್ಲಿಸಿ, ಮೂರನೇ ಒಂದು ಪಾಲು ನೀರು ಬದಲಿಸಿ, 1,000 ಲೀಟರಿಗೆ 1 ಕೆ.ಜಿ. ಕಲ್ಲುಪ್ಪು ಹಾಕಿ ಎಂದರು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟನ್ನು ತಡೆಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದಲೇ ಪೇಟೆಯ ಉಪ್ಪುನೀರಿನ ಅಕ್ವೇರಿಯಂ ಮೀನುಗಳು ಇಷ್ಟು ನೈಟ್ರೈಟಿಗೆ ಸುಲಭದಲ್ಲಿ ಸಾಯುವುದಿಲ್ಲ.

ತೆಗೆದ ನೀರು ಬಾಳೆಯ ಬುಡಕ್ಕೆ ಹೋಯಿತು. ಆಮೇಲೆ ಹನ್ನೆರಡೂವರೆ ಕೆ.ಜಿ. ಕಲ್ಲುಪ್ಪನ್ನು ಡ್ರಮ್ಮಿನಲ್ಲಿ ಕರಗಿಸಿ ಸುತ್ತಲೂ ಸುರಿದರು. ಮರುದಿನ ಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದ ಮೀನುಗಳು ಕೆಳಗಿಳಿದಿದ್ದವು. ಆ ದಿನ ಸತ್ತದ್ದು 3.

ಅದೇ ದಿನ ನಾವು ಪಕ್ಕದ ತೋಟಕ್ಕೂ ಹೋದೆವು. ಮೈಲುತುತ್ತದ ಚೀಲ, ಸುಣ್ಣದ ಚೀಲ ಎರಡೂ ಹೊಲಿಗೆ ಬಿಚ್ಚದೆ ಅಟ್ಟದ ಮೇಲಿದ್ದವು. ಆ ವರ್ಷ ಇನ್ನೂ ಮೊದಲ ಔಷಧಿಯೇ ಹೊಡೆದಿರಲಿಲ್ಲ. "ನನ್ನ ಮೇಲೆ ಅನುಮಾನ ಅಂತ ಕೇಳ್ದೆ," ಅಂದರು ಹಿರಿಯರು. ಇನ್ನೇನೂ ಹೇಳಲಿಲ್ಲ. ಸಂಜೆ ಹುಡುಗನ ಅಮ್ಮ ಬೇಲಿಯ ಹತ್ತಿರ ನಿಂತು ಅವರ ಮನೆಯವರ ಜೊತೆ ಮಾತಾಡುತ್ತಿದ್ದುದನ್ನು ನೋಡಿದೆವು.

ಹೊಸ ತೊಟ್ಟಿ ಮಾಡುವವರು ಇಷ್ಟು ನೆನಪಿಡಿ. ನೀರು ತುಂಬಿದ ಕೂಡಲೇ ಮರಿ ಬಿಡಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬರುವವರೆಗೆ ಕಾಯಿರಿ. ನೈಟ್ರೈಟ್ ಹೆಚ್ಚಿರುವಾಗ ನೈಟ್ರೇಟಿನ ಅಂಕಿಯನ್ನು ನಂಬಬೇಡಿ. ಆ ಪರೀಕ್ಷೆ ನೈಟ್ರೇಟನ್ನು ನೈಟ್ರೈಟ್ ಮಾಡಿಯೇ ಅಳೆಯುತ್ತದೆ, ಹಾಗಾಗಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಪಿಎಚ್ ಕೂಡ ಬರೆದಿಡಿ. ಪಿಎಚ್ 7 ಇದ್ದಾಗ ಅಮೋನಿಯಾದ ವಿಷದ ಪಾಲು ಶೇ 1ಕ್ಕೂ ಕಡಿಮೆ, 8 ಆದರೆ ಶೇ 5, 9 ಆದರೆ ಮೂರನೇ ಒಂದಕ್ಕಿಂತ ಹೆಚ್ಚು. ದಿನಾ ಒಂದೇ ಹೊತ್ತಿಗೆ ನೋಡಿ. ಪಾಚಿಯ ಹಸಿರು ನೀರಾದರೆ ಬೆಳಗಿನ ಪಿಎಚ್ಚಿಗೂ ಮಧ್ಯಾಹ್ನದ ಪಿಎಚ್ಚಿಗೂ ತುಂಬ ವ್ಯತ್ಯಾಸ ಇರುತ್ತದೆ.

ಮೀನು ಬದುಕಿದ ಸುದ್ದಿಯನ್ನು ನಾವು ಪೇಪರಿಗೂ ಕಳಿಸಿದ್ದೆವು. ಜಾಗ ಸಿಗಲಿಲ್ಲ. ವಿಷದ ಸುದ್ದಿಯಾಗಿದ್ದರೆ ಬಹುಶಃ ಸಿಗುತ್ತಿತ್ತು. ಅದಕ್ಕೇ ಇಲ್ಲಿ ಬರೆದಿದ್ದೇವೆ. ನಿಮ್ಮೂರಲ್ಲಿ ತೊಟ್ಟಿ ಇಟ್ಟವರಿಗೆ ಕಳಿಸಿ.